ಅರವತ್ತು ಮೈಲಿ ಸಾಕು: ಬೇಸಿಗೆಗೆ ಆರ್‌ವಿ ಹಿಡಿದು ಹೊರಡುವವರಿಗೆ ಬಹಿರಂಗ ಪತ್ರ

ಈ ಬೇಸಿಗೆ ರಜೆಯಲ್ಲಿ ಆರ್‌ವಿ ಎಂಬ ಚಕ್ರದ ಮೇಲಿನ ಮನೆಯನ್ನು ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್‌ಗೋ ಗ್ರ್ಯಾಂಡ್ ಕ್ಯಾನ್ಯನ್‌ಗೋ ಹೊರಡಲಿರುವ ಅಮೆರಿಕದ ಕನ್ನಡ ಕುಟುಂಬಗಳೇ,



ಯುಗಾದಿ ಕಳೆದ ಮೇಲೆ ಯಾವ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತರೂ ಬೇಸಿಗೆ ಪ್ರವಾಸದ ಮಾತು ಕಿವಿಗೆ ಬೀಳುತ್ತದೆ. 25 ಅಡಿಯ ಗಾಡಿ ಸಾಕೋ, 30 ಅಡಿಯದೇ ಬೇಕೋ? ದೋಸೆ ಹಿಟ್ಟು ಅದರ ಫ್ರಿಜ್‌ನಲ್ಲಿ ಎಷ್ಟು ದಿನ ತಡೆಯುತ್ತದೆ? ಊರಿಂದ ಬಂದಿರುವ ಅಪ್ಪ ಅಮ್ಮ ಮೇಲಿನ ಹಾಸಿಗೆ ಹತ್ತಬಲ್ಲರೇ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅಷ್ಟು ದೊಡ್ಡ ಗಾಡಿಯನ್ನು ಹೈವೇಯಲ್ಲಿ ಎಷ್ಟು ವೇಗದಲ್ಲಿ ಓಡಿಸಬೇಕು ಎಂದು ಯಾರೂ ಕೇಳುವುದಿಲ್ಲ. ಕಾರು ಓಡಿಸಿ ಅಭ್ಯಾಸವಿದೆ, ಬೋರ್ಡಿನಲ್ಲಿ ಬರೆದಿದೆ, ಅದರಲ್ಲೇನು ಕೇಳುವುದು ಎಂಬ ಭಾವನೆ. ವರ್ಷಗಳಿಂದ ಈ ಗಾಡಿಗಳನ್ನು ಓಡಿಸುತ್ತ, ಅವುಗಳಲ್ಲಿ ಹಿಂದೆ ಕೂತು ಹೋಗುತ್ತ ಬಂದಿರುವ ನನಗೆ ಈ ಮೌನ ಚಿಂತೆ ತರುತ್ತದೆ. ಅದಕ್ಕೇ ಈ ಪತ್ರ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ರಸ್ತೆ ಒಣಗಿರಬೇಕು, ಹಗಲಾಗಿರಬೇಕು, ಗಾಳಿ ಇರಬಾರದು, ಇಂಟರ್‌ಸ್ಟೇಟ್ ಸಮತಟ್ಟಾಗಿರಬೇಕು. ಇಷ್ಟೆಲ್ಲ ಅನುಕೂಲವಿದ್ದಾಗ ಗಂಟೆಗೆ 60ರಿಂದ 63 ಮೈಲಿ, ಅಂದರೆ ನಮ್ಮೂರ ಲೆಕ್ಕದಲ್ಲಿ ನೂರು ಕಿಲೋಮೀಟರಿನ ಆಸುಪಾಸು. ಬೋರ್ಡು 75 ಎನ್ನಲಿ, 80 ಎನ್ನಲಿ, ನೀವು ಬಲಗಡೆಯ ಲೇನಿನಲ್ಲಿ ಅರವತ್ತರ ಸುತ್ತಮುತ್ತ ಇರಿ. ಈ ಅನುಕೂಲಗಳಲ್ಲಿ ಒಂದು ತಪ್ಪಿದರೂ ಇನ್ನೂ ಇಳಿಸಿ. ಇನ್ನೊಂದು ಮಾತನ್ನು ಇದಕ್ಕಿಂತ ಒತ್ತಿ ಹೇಳಬೇಕು: ನಿಮ್ಮ ವೇಗ ತೀರ್ಮಾನವಾಗುವುದು ಹೈವೇಯಲ್ಲಲ್ಲ, ಮನೆಯ ಊಟದ ಮೇಜಿನ ಮೇಲೆ, ಯಾವ ದಿನ ಎಲ್ಲಿ ತಂಗುವುದು ಎಂದು ಪಟ್ಟಿ ಬರೆಯುವ ರಾತ್ರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗಾಡಿಯ ವಿಷಯ. ನಮ್ಮವರು ಹೆಚ್ಚಾಗಿ ಬಾಡಿಗೆಗೆ ಹಿಡಿಯುವುದು ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುವ ಕ್ಲಾಸ್ ಸಿ ಗಾಡಿಯನ್ನು. ಅದರಲ್ಲಿ ದೊಡ್ಡವು ಬಹುತೇಕ ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದವು. ಗಾಡಿ, ಜನ, ನೀರು, ಸಾಮಾನು ಎಲ್ಲ ಸೇರಿ ಅದು ತೂಗಬಹುದಾದ ಗರಿಷ್ಠ ತೂಕ 14,500 ಪೌಂಡ್. ನಿಮ್ಮ ಮನೆಯ ಮುಂದೆ ನಿಂತಿರುವ ಒಡಿಸ್ಸಿ ಮಿನಿವ್ಯಾನ್ ಸುಮಾರು 4,500 ಪೌಂಡ್. ಹೊರಡುವ ಮುನ್ನ ನೀರಿನ ಟ್ಯಾಂಕ್ ತುಂಬಿಸಿದರೆ, 40 ಗ್ಯಾಲನ್ ನೀರೇ 330 ಪೌಂಡ್ ಆಗುತ್ತದೆ. ಇಬ್ಬರು ದೊಡ್ಡವರನ್ನು ಹೆಚ್ಚಿಗೆ ಕೂರಿಸಿಕೊಂಡ ಹಾಗೆ. ಕ್ಯಾಂಪ್‌ಗ್ರೌಂಡಿನಲ್ಲಿ ನೀರಿನ ನಲ್ಲಿ ಇರುವುದಾದರೆ ದಾರಿಗೆ ಬೇಕಾದಷ್ಟೇ ತುಂಬಿಸಿಕೊಳ್ಳಿ. ಇಷ್ಟು ದೊಡ್ಡ ಗಾಡಿಗೆ ಬೇರೆ ಲೈಸೆನ್ಸ್ ಬೇಡ, ಪರೀಕ್ಷೆ ಇಲ್ಲ. ಕೀ ಕೊಡುವ ಹುಡುಗ ಶೌಚದ ಟ್ಯಾಂಕ್ ಖಾಲಿ ಮಾಡುವುದನ್ನು ತೋರಿಸಿಕೊಡುತ್ತಾನೆ, ಜನರೇಟರ್ ಹಚ್ಚುವುದನ್ನು ತೋರಿಸುತ್ತಾನೆ. ವೇಗದ ಮಾತು ಅಲ್ಲಿಯೂ ಬರುವುದಿಲ್ಲ.

60 ಮೈಲಿ ವೇಗದಲ್ಲಿ ಗಾಡಿ ಸೆಕೆಂಡಿಗೆ 88 ಅಡಿ ಸಾಗುತ್ತದೆ; 75ರಲ್ಲಿ 110 ಅಡಿ. ಮುಂದೆ ಜಿಂಕೆಯೋ ಕಳಚಿ ಬಿದ್ದ ಏಣಿಯೋ ಕಂಡು, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ಅಷ್ಟರಲ್ಲಿ 60ರ ಗಾಡಿ 132 ಅಡಿ ಹೋಗಿರುತ್ತದೆ, 75ರ ಗಾಡಿ 165 ಅಡಿ. ಇನ್ನೂ ಬ್ರೇಕ್ ಹಿಡಿದೇ ಇಲ್ಲ. ಹಿಡಿದ ಮೇಲಿನ ಲೆಕ್ಕ ಮತ್ತೂ ಕಠಿಣ. ವೇಗ 60ರಿಂದ 75ಕ್ಕೆ ಏರಿದರೆ ಹೆಚ್ಚಿದ್ದು ಕಾಲು ಭಾಗ, ಆದರೆ ಬ್ರೇಕು ನುಂಗಬೇಕಾದ ಶಕ್ತಿ ಅರ್ಧಕ್ಕಿಂತ ಜಾಸ್ತಿ ಹೆಚ್ಚುತ್ತದೆ. ಅದೂ ಒಡಿಸ್ಸಿಯ ಮೂರು ಪಟ್ಟು ತೂಕವನ್ನು ನಿಲ್ಲಿಸಬೇಕಾದ ಬ್ರೇಕು.

ಮುಂದಿನ ಗಾಡಿಗೂ ನಮಗೂ ಎಷ್ಟು ಅಂತರವಿರಬೇಕು ಎಂಬುದಕ್ಕೆ ಇಲ್ಲಿನ ಟ್ರಕ್ ಡ್ರೈವರುಗಳ ಲೈಸೆನ್ಸ್ ಕೈಪಿಡಿಯಲ್ಲಿ ಸರಳವಾದ ಸೂತ್ರವಿದೆ. ಗಾಡಿಯ ಪ್ರತಿ 10 ಅಡಿ ಉದ್ದಕ್ಕೆ 1 ಸೆಕೆಂಡ್. 40 ಮೈಲಿಗಿಂತ ಹೆಚ್ಚಿನ ವೇಗವಾದರೆ ಇನ್ನೊಂದು ಸೆಕೆಂಡ್ ಸೇರಿಸಿ. 30 ಅಡಿಯ ಗಾಡಿಗೆ 4 ಸೆಕೆಂಡ್ ಆಯಿತು. 60 ಮೈಲಿಯಲ್ಲಿ ಅದು 350 ಅಡಿ. ಈ ಅಂತರವನ್ನು 75ರಲ್ಲಿ ಕಾಯ್ದುಕೊಳ್ಳಲು ಯಾರಿಂದಲೂ ಆಗುವುದಿಲ್ಲ, ಮುಂದಿನವರನ್ನು ಹಿಡಿಯುತ್ತಲೇ ಇರುತ್ತೀರಿ. 60ರಲ್ಲಿ ಅದು ತಾನಾಗಿ ಉಳಿಯುತ್ತದೆ, ಏಕೆಂದರೆ ಎಲ್ಲರೂ ನಿಮ್ಮನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತಾರೆ. ನಿಧಾನ ಹೋಗುವವನ ಮುಂದಿನ ರಸ್ತೆ ಸದಾ ಖಾಲಿ ಇರುತ್ತದೆ. ಇದನ್ನು ಒಂದು ಗಂಟೆ ಅನುಭವಿಸಿ ನೋಡಿದರೆ ಮತ್ತೆ ವೇಗದ ಆಸೆ ಹುಟ್ಟುವುದು ಕಡಿಮೆ.

ಇನ್ನು ಗಾಳಿ. ಎಂಟು ಅಡಿ ಅಗಲ, ಹನ್ನೊಂದು ಹನ್ನೆರಡು ಅಡಿ ಎತ್ತರದ ಈ ಗಾಡಿ ಚಕ್ರದ ಮೇಲೆ ನಿಲ್ಲಿಸಿದ ಗೋಡೆ. ಗೋಡೆಯನ್ನು ಗಾಳಿಯೊಳಕ್ಕೆ ನೂಕಲು ಎಂಜಿನ್ ಸುರಿಯುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 60ರಿಂದ 75ಕ್ಕೆ ಹೋದರೆ ಗಾಳಿಯ ಪಾಲಿಗೇ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಹೋಗುತ್ತದೆ. ಗ್ಯಾಲನ್ನಿಗೆ ಸಾಮಾನ್ಯವಾಗಿ 8ರಿಂದ 10 ಮೈಲಿ ಕೊಡುವ ಗಾಡಿ ಇದು. 8 ಬರುತ್ತದೋ 10 ಬರುತ್ತದೋ ಎಂಬುದು ಬಹುಮಟ್ಟಿಗೆ ನಿಮ್ಮ ಬಲಗಾಲಿನ ಕೈಲಿದೆ. ಆದರೆ ಪೆಟ್ರೋಲ್ ಖರ್ಚು ಇಲ್ಲಿ ಸಣ್ಣ ವಿಷಯ. ಅಡ್ಡಗಾಳಿ ದೊಡ್ಡ ವಿಷಯ.

ಹಿಂದಿನಿಂದ ದೊಡ್ಡ ಟ್ರಕ್ ನಿಮ್ಮ ಎಡಕ್ಕೆ ಬಂದು ದಾಟುವಾಗ ಮೊದಲು ಅದು ನೂಕಿಕೊಂಡು ಬರುವ ಗಾಳಿ ನಿಮ್ಮನ್ನು ಬಲಕ್ಕೆ ತಳ್ಳುತ್ತದೆ. ಟ್ರಕ್ ಪಕ್ಕಕ್ಕೆ ಬರುತ್ತಿದ್ದಂತೆ ಅದರ ಕಡೆಗೇ ಸೆಳೆಯುತ್ತದೆ. ಹೊಸಬರು ಮೊದಲ ತಳ್ಳುವಿಕೆಗೆ ಹೆದರಿ ಸ್ಟೀರಿಂಗ್ ಎಡಕ್ಕೆ ತಿರುಗಿಸುತ್ತಾರೆ, ಅದೇ ಹೊತ್ತಿಗೆ ಸೆಳೆತವೂ ಎಡಕ್ಕೆ ಶುರುವಾಗುತ್ತದೆ. ಎರಡೂ ಕೂಡಿದಾಗ ಲೇನಿನ ಗೆರೆ ದಾಟಲು ಹೆಚ್ಚು ಹೊತ್ತು ಬೇಡ. ಮಾಡಬೇಕಾದ್ದು ಇಷ್ಟೇ: ಕನ್ನಡಿಯಲ್ಲಿ ಟ್ರಕ್ ಕಂಡ ಕೂಡಲೆ ಲೇನಿನೊಳಗೇ ಒಂದು ಗೇಣು ಬಲಕ್ಕೆ ಸರಿಯಿರಿ, ಆಕ್ಸಿಲರೇಟರ್ ತುಸು ಸಡಿಲಿಸಿ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ನೇರ ಇಡಿ. 62ರಲ್ಲಿ ಈ ತಳ್ಳು ಸೆಳೆತ ಮಣಿಕಟ್ಟಿನ ಕೆಲಸ. 75ರಲ್ಲಿ ಅದು ಭುಜದ ಕೆಲಸ, ಎರಡು ಗಂಟೆಯಲ್ಲಿ ಡ್ರೈವರ್ ಸುಸ್ತಾಗಿಬಿಡುತ್ತಾನೆ.

ನಿಸರ್ಗದ ಗಾಳಿ ಇದಕ್ಕಿಂತ ಬಲಶಾಲಿ. ವಯೋಮಿಂಗ್‌ನಲ್ಲಿ ಐ-80ರ ಲಾರಮಿಯಿಂದ ರಾಲಿನ್ಸ್‌ವರೆಗಿನ ದಾರಿ, ಮೊಂಟಾನಾದಲ್ಲಿ ಐ-90ರ ಮೇಲಿನ ಲಿವಿಂಗ್‌ಸ್ಟನ್ ಊರು, ಕ್ಯಾಲಿಫೋರ್ನಿಯಾದಲ್ಲಿ ಪಾಮ್ ಸ್ಪ್ರಿಂಗ್ಸ್ ಹತ್ತಿರ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವ ಸ್ಯಾನ್ ಗೊರ್ಗೋನಿಯೊ ಕಣಿವೆ, ಇವೆಲ್ಲ ಗಾಳಿಗೆ ಹೆಸರಾದ ಜಾಗಗಳು. ವಯೋಮಿಂಗ್‌ನಲ್ಲಿ ಗಾಳಿ ಮಿತಿ ಮೀರಿದಾಗ ಹಗುರವಾದ ಎತ್ತರದ ವಾಹನಗಳಿಗೆ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಆ ಬೋರ್ಡು ನಮ್ಮ ಆರ್‌ವಿಗೂ ಅನ್ವಯಿಸುತ್ತದೆ. ಟ್ರಕ್ಕಿಗೆ ಮಾತ್ರ ಎಂದುಕೊಂಡು ಮುಂದೆ ಹೋಗಬೇಡಿ. ಗಾಳಿ ಎದ್ದಾಗ 50ಕ್ಕೆ ಇಳಿಸಿ. ಆಗಲೂ ಗಾಡಿ ಲೇನಿನಲ್ಲಿ ನಿಲ್ಲದಿದ್ದರೆ ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಅಡುಗೆ ಮಾಡಿ, ಉಂಡು, ಮಲಗಿ. ಮನೆಯೇ ಜತೆಗಿದೆಯಲ್ಲ. ಗಾಳಿ ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಜೋರಾಗಿ ಬೆಳಗಿನ ಜಾವಕ್ಕೆ ತಣಿಯುತ್ತದೆ, ಆಗ ಹೊರಡಿ.

"ಬೋರ್ಡಿನಲ್ಲೇ 80 ಎಂದು ಬರೆದಿದೆಯಲ್ಲ" ಎನ್ನುವವರಿಗೆ ಒಂದಿಷ್ಟು ಹಿನ್ನೆಲೆ ಹೇಳಬೇಕು. 1974ರಲ್ಲಿ, ತೈಲ ಬಿಕ್ಕಟ್ಟಿನ ನಡುವೆ, ಪೆಟ್ರೋಲ್ ಉಳಿಸಲೆಂದು ಇಡೀ ದೇಶಕ್ಕೆ 55 ಮೈಲಿಯ ಮಿತಿ ಹೇರಿದರು. 1987ರಲ್ಲಿ ಹಳ್ಳಿಗಾಡಿನ ಇಂಟರ್‌ಸ್ಟೇಟ್‌ಗಳಿಗೆ 65 ಆಯಿತು, 1995ರಲ್ಲಿ ಕೇಂದ್ರದ ಮಿತಿಯೇ ರದ್ದಾಗಿ ಆಯಾ ರಾಜ್ಯ ತನಗೆ ತೋಚಿದಂತೆ ನಿಗದಿ ಮಾಡಿಕೊಂಡಿತು. ನೆವಾಡದಲ್ಲಿ ಐ-80ರ ಮೇಲೆ ಫರ್ನ್ಲಿಯಿಂದ ವಿನ್ನಮಕ್ಕವರೆಗೆ 80. ಟೆಕ್ಸಸ್‌ನಲ್ಲಿ ರಾಜ್ಯ ಹೆದ್ದಾರಿ 130ರ 2012ರಲ್ಲಿ ತೆರೆದ ಭಾಗದ ಮೇಲೆ, ಆಸ್ಟಿನ್‌ನಿಂದ ಸೆಗೀನ್ ಕಡೆಗೆ, 85. ಇಡೀ ದೇಶದಲ್ಲೇ ಅದು ಅತಿ ಹೆಚ್ಚು. ಅಂದರೆ ಬೋರ್ಡಿನ ಮೇಲಿನ ಸಂಖ್ಯೆ ರಾಜಕೀಯದಿಂದ, ತೈಲದ ಬೆಲೆಯಿಂದ, ಕಾರುಗಳು ಸಾಮಾನ್ಯವಾಗಿ ಓಡುವ ವೇಗದಿಂದ ಬಂದದ್ದು. 14,000 ಪೌಂಡಿನ ಎತ್ತರದ ಗಾಡಿಯನ್ನು ಮುಂದಿಟ್ಟುಕೊಂಡು ಯಾರೂ ಅದನ್ನು ಬರೆದಿಲ್ಲ. ಎಕ್ಸಿಟ್ ತಿರುವಿನಲ್ಲಿ ಕಾಣುವ ಹಳದಿ ಫಲಕದ ವೇಗವಂತೂ ಕಾರಿಗೆ ಹೇಳಿದ್ದು. 35 ಎಂದಿದ್ದರೆ ನೀವು 25ಕ್ಕೆ ಇಳಿದೇ ತಿರುವಿಗೆ ಹೋಗಿ. ಭಾರ ಮೇಲಿರುವ ಗಾಡಿ ಅಂಥ ತಿರುವಿನಲ್ಲೇ ಮಗುಚುವುದು.

ಟೈರಿನ ಬಗ್ಗೆ ಎರಡೇ ಮಾತು. ಟೈರಿನ ಶತ್ರು ಬಿಸಿ. ಬಿಸಿ ಹುಟ್ಟುವುದು ಭಾರದಿಂದ, ವೇಗದಿಂದ, ಗಾಳಿ ಕಡಿಮೆಯಾಗುವುದರಿಂದ. ಜುಲೈ ಮಧ್ಯಾಹ್ನ ಬಾರ್‌ಸ್ಟೋದಿಂದ ಲಾಸ್ ವೇಗಸ್ ಕಡೆಗೆ ಹೋಗುವಾಗ ಮೂರೂ ಕೂಡಿಬಿಟ್ಟರೆ ಟೈರ್ ಸಿಡಿಯುತ್ತದೆ. ಹೈವೇ ಪಕ್ಕದಲ್ಲಿ ಬಿದ್ದಿರುವ ಕರಿ ರಬ್ಬರಿನ ಸಿಪ್ಪೆಗಳನ್ನು ನೀವೆಲ್ಲ ನೋಡಿದ್ದೀರಿ. ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ, ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿರುವಷ್ಟು ಇರಲಿ. ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳ ನಂತರ ಕೊನೆಗೆ ಬರುವ ನಾಲ್ಕು ಅಂಕಿ ಅದರ ಹುಟ್ಟಿದ ದಿನ ಹೇಳುತ್ತದೆ: 0822 ಎಂದರೆ 2022ರ ಎಂಟನೇ ವಾರ. ಏಳು ವರ್ಷ ಹಳೆಯದು ಕಂಡರೆ ಬೇರೆ ಗಾಡಿ ಕೇಳಿ. ಸ್ವಂತ ಟ್ರೇಲರ್ ಎಳೆಯುವವರು ಇನ್ನೂ ಹುಷಾರು. ಟ್ರೇಲರಿಗೆಂದೇ ಮಾಡಿದ ಎಸ್‌ಟಿ ಟೈರುಗಳಲ್ಲಿ, ಬೇರೆ ಗುರುತು ಇಲ್ಲದಿದ್ದರೆ, 65 ಮೈಲಿಯೇ ಮಿತಿ ಎಂಬುದು ಹಳೆಯ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಏನನ್ನಾದರೂ ಎಳೆದುಕೊಂಡು ಹೋಗುವ ಗಾಡಿಗೆ ಕಾನೂನಿನ ಮಿತಿಯೇ 55.

ಈಗ ನೆಮ್ಮದಿಯ ಮಾತು. ಡ್ರೈವರ್ ಸೀಟಿನಲ್ಲಿ ಕೂತವರಿಗೆ ತಮ್ಮ ವೇಗ ಹಿತವಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಇದು ನಾನು ಹಿಂದೆ ಕೂತು ಕಲಿತದ್ದು. ಊರಿಂದ ಬಂದಿದ್ದ ನನ್ನ ತಾಯಿಯನ್ನು ಕರೆದುಕೊಂಡು ಗೆಳೆಯನ ಕುಟುಂಬದ ಜತೆ ನೆವಾಡ ದಾಟುತ್ತಿದ್ದೆವು. ಗೆಳೆಯ ಓಡಿಸುತ್ತಿದ್ದ, ಮುಳ್ಳು 72ರಲ್ಲಿತ್ತು. ಅವನ ಮುಖ ನಿರಾಳ, ರಸ್ತೆ ನೇರ. ಹಿಂದೆ ಊಟದ ಮೇಜಿನ ಪಕ್ಕ ಅಮ್ಮನ ಎದುರು ನಾನು ಕೂತಿದ್ದೆ. ತಲೆಯ ಮೇಲಿನ ಕಪಾಟಿನೊಳಗೆ ಸ್ಟೀಲ್ ಲೋಟಗಳು ಬಿಡುವಿಲ್ಲದೆ ಕಿಣಿಕಿಣಿ ಎನ್ನುತ್ತಿದ್ದವು, ಒಲೆಯ ಮೇಲಿನ ಕಬ್ಬಿಣದ ಜಾಲರಿ ಪ್ರತಿ ಕಾಂಕ್ರೀಟ್ ಬೆಸುಗೆಗೂ ಎದ್ದು ಬೀಳುತ್ತಿತ್ತು. ಹಿಂದಿನ ಚಕ್ರದಿಂದ ಆಚೆಗೆ ಹತ್ತು ಅಡಿ ಚಾಚಿಕೊಂಡ ಗಾಡಿಯಲ್ಲಿ ಪ್ರತಿ ಅಲುಗಾಟಕ್ಕೂ ಹಿಂಭಾಗ ತೂಗುತ್ತದೆ. ಅಮ್ಮ ಮಾತಾಡುತ್ತಿರಲಿಲ್ಲ. ಮೇಜಿನ ಅಂಚನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು, ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. "ಏನಾದರೂ ಆಗುತ್ತಿದೆಯಾ ಅಮ್ಮ" ಎಂದರೆ, "ಇಲ್ಲಪ್ಪ, ಪಾಪ ಅವನು ಓಡಿಸ್ತಿದಾನೆ, ನೀನೇನೂ ಹೇಳಬೇಡ" ಎಂದರು. ನಾನು ಹೇಳಿದೆ. ಗೆಳೆಯ 61ಕ್ಕೆ ಇಳಿಸಿ ಕ್ರೂಸ್ ಕಂಟ್ರೋಲ್ ಹಾಕಿದ. ಎರಡು ನಿಮಿಷದಲ್ಲಿ ಜಾಲರಿಯ ಸದ್ದು ನಿಂತಿತು, ಲೋಟಗಳ ಸದ್ದು ಮಾತ್ರ ಸಣ್ಣಗೆ ಉಳಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಅಮ್ಮ ಮೇಜಿನಂಚು ಬಿಟ್ಟು ಕಿತ್ತಳೆ ಹಣ್ಣು ಸುಲಿಯತೊಡಗಿದರು.

ಆ ದಿನದಿಂದ ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಇದು. ಪ್ರವಾಸದ ಮೊದಲ ದಿನವೇ, ಓಡಿಸುವವರು ಇಪ್ಪತ್ತು ಮೈಲಿ ದೂರ ಸ್ಟೀರಿಂಗನ್ನು ಇನ್ನೊಬ್ಬರಿಗೆ ಕೊಟ್ಟು ಹಿಂದಿನ ಮೇಜಿನ ಬಳಿ ಬೆಲ್ಟ್ ಹಾಕಿಕೊಂಡು ಕೂರಲಿ. ಬಾಡಿಗೆ ಕಾಗದದಲ್ಲಿ ಇಬ್ಬರ ಹೆಸರೂ ಇರಲಿ ಅಷ್ಟೆ. 58, 62, 66, 70, ಒಂದೊಂದರಲ್ಲೂ ಐದೈದು ನಿಮಿಷ ಕೂತು ನೋಡಿ. ಯಾವ ವೇಗದಲ್ಲಿ ಕಪಾಟು ಮಾತಾಡಲು ಶುರು ಮಾಡುತ್ತದೆ, ಯಾವುದರಲ್ಲಿ ಮಗು ಪುಸ್ತಕ ಮುಚ್ಚಿಡುತ್ತದೆ, ಎಲ್ಲಿ ಹೊಟ್ಟೆ ತೊಳಸುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ಆ ಹಂತಕ್ಕಿಂತ ಎರಡು ಮೈಲಿ ಕೆಳಗೆ ನಿಮ್ಮ ಗಾಡಿಯ ವೇಗ. ಪ್ರತಿ ಗಾಡಿಗೂ ಅದು ತುಸು ಬೇರೆ ಇರುತ್ತದೆ. ಹಿಂದೆ ಕೂತವರ ಬೆಲ್ಟಿನ ವಿಷಯದಲ್ಲಿ ದಯವಿಟ್ಟು ಸಡಿಲ ಬಿಡಬೇಡಿ. ಮನೆಯಂತೆ ಕಾಣುವುದರಿಂದ ಓಡುವ ಗಾಡಿಯಲ್ಲೇ ಎದ್ದು ಕಾಫಿ ಕಾಯಿಸುವವರಿದ್ದಾರೆ, ಹಾಸಿಗೆಯ ಮೇಲೆ ಮಕ್ಕಳನ್ನು ಮಲಗಿಸುವವರಿದ್ದಾರೆ. ಗಾಡಿ 60ರಲ್ಲಿದ್ದರೆ ಆ ಕಾಫಿ ಪಾತ್ರೆಯೂ ಆ ಮಗುವೂ 60ರಲ್ಲೇ ಇವೆ. ಗಾಡಿ ನಿಂತಾಗ ಅವು ನಿಲ್ಲುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಜನ 75ಕ್ಕೆ ಏಕೆ ಹೋಗುತ್ತಾರೆ? ನಾನು ಕಂಡಂತೆ, ಹುಮ್ಮಸ್ಸಿಗೆ ಹೋಗುವವರು ಕಡಿಮೆ. ಮುಂಗಡ ಬುಕ್ ಮಾಡಿದ ಕ್ಯಾಂಪ್‌ಗ್ರೌಂಡು ಅವರನ್ನು ಎಳೆಯುತ್ತಿರುತ್ತದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ವೆಸ್ಟ್ ಯೆಲ್ಲೋಸ್ಟೋನ್ ಸುಮಾರು 950 ಮೈಲಿ. ಮ್ಯಾಪಿನಲ್ಲಿ ಹದಿನೈದು ಗಂಟೆ ಎಂದು ತೋರಿಸುತ್ತದೆ, ಅದನ್ನು ಎರಡು ದಿನಕ್ಕೆ ಹಂಚಿ ಬರೆದುಕೊಳ್ಳುತ್ತೇವೆ. ಆ ಹದಿನೈದು ಗಂಟೆ ಕಾರಿನದು. ಅದರಲ್ಲಿ ಪೆಟ್ರೋಲ್ ಹಾಕಿಸುವುದಿಲ್ಲ, ಅಜ್ಜಿ ಕಾಲು ಚಾಚಲು ನಿಲ್ಲಿಸುವುದಿಲ್ಲ, ರೆಸ್ಟ್ ಏರಿಯಾದಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುವುದಿಲ್ಲ. ಹೊರಟ ಬೆಳಗ್ಗೆಯೇ ಎರಡು ಗಂಟೆ ತಡವಾಗುತ್ತದೆ, ಅಲ್ಲಿಂದ ಆ ತಡವನ್ನು ಡ್ರೈವರ್ ಬಲಗಾಲಿನಿಂದ ತೀರಿಸಲು ನೋಡುತ್ತಾನೆ. ಸಂಜೆ ಕತ್ತಲಾಗುವ ಹೊತ್ತಿಗೆ, ಜಿಂಕೆ ಎಲ್ಕ್‌ಗಳು ರಸ್ತೆಗೆ ಬರುವ ಹೊತ್ತಿಗೆ, ದಣಿದ ಕಣ್ಣಲ್ಲಿ ಅವನು ಇನ್ನೂ ನೂರು ಮೈಲಿ ಹಿಂದಿರುತ್ತಾನೆ.

ತೀರಿಸಿದ್ದಾದರೂ ಎಷ್ಟು? 300 ಮೈಲಿ ದಾರಿಗೆ 62ರಲ್ಲಿ 4 ಗಂಟೆ 50 ನಿಮಿಷ. 72ರಲ್ಲಿ 4 ಗಂಟೆ 10 ನಿಮಿಷ. ಎಲ್ಲಿಯೂ ನಿಲ್ಲದೆ, ಎಲ್ಲಿಯೂ ನಿಧಾನಿಸದೆ ಅಷ್ಟು ದೂರ ಹೋದರೂ ಉಳಿಯುವುದು 40 ನಿಮಿಷ. ರಿಪೇರಿ ಕೆಲಸ, ಟ್ರಾಫಿಕ್ಕು, ಏರು ಇವೆಲ್ಲ ಬಂದರೆ ಅದೂ ಇಲ್ಲ. ನಾನು ಬಳಸುವ ಲೆಕ್ಕ ಸುಲಭ: ಒಟ್ಟು ಮೈಲಿಯನ್ನು 50ರಿಂದ ಭಾಗಿಸಿ. 250 ಮೈಲಿ ಎಂದರೆ 5 ಗಂಟೆ, ನಿಲ್ಲುವುದೂ ಸೇರಿ. ದಿನಕ್ಕೆ ಅಷ್ಟೇ ಇಟ್ಟುಕೊಳ್ಳಿ. ಇಲ್ಲಿ ಬಹುಕಾಲದಿಂದ ಆರ್‌ವಿ ಓಡಿಸುವ ಹಿರಿಯರ ನಡುವೆ ಮೂರು-ಮೂರು-ಮೂರು ಎಂಬ ಮಾತಿದೆ: ದಿನಕ್ಕೆ 300 ಮೈಲಿ ಮೀರಬೇಡ, ಮಧ್ಯಾಹ್ನ 3ಕ್ಕೆ ತಲುಪಿರು, ಒಂದೆಡೆ 3 ದಿನ ಉಳಿ. ನಮ್ಮ ರಜೆಗೆ ಮೂರನೆಯದು ಹೊಂದದಿರಬಹುದು, ಮೊದಲೆರಡು ಖಂಡಿತ ಹೊಂದುತ್ತವೆ.

ಒಂದು ವಾರದ ರಜೆಗೆ ಬೇ ಏರಿಯಾದಿಂದಲೇ ಆರ್‌ವಿ ಏರಿ ಯೆಲ್ಲೋಸ್ಟೋನ್‌ಗೆ ಹೋಗಿ ಬರುವುದು ನನ್ನ ಲೆಕ್ಕದಲ್ಲಿ ಸಾಧ್ಯವಿಲ್ಲ. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ಸಾಲ್ಟ್ ಲೇಕ್ ಸಿಟಿಗೆ ವಿಮಾನದಲ್ಲಿ ಹೋಗಿ ಅಲ್ಲಿ ಗಾಡಿ ಹಿಡಿಯಿರಿ. ಅಲ್ಲಿಂದ ವೆಸ್ಟ್ ಯೆಲ್ಲೋಸ್ಟೋನ್ ಸುಮಾರು 320 ಮೈಲಿ. ಗಾಡಿ ಕೈಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ, ಆ ರಾತ್ರಿ ಐಡಾಹೊ ಫಾಲ್ಸ್‌ನಲ್ಲೋ ಅದಕ್ಕೂ ಮುಂಚೆಯೋ ತಂಗಿ, ಮರುದಿನ ಆ್ಯಷ್ಟನ್ ದಾಟಿದ ಮೇಲಿನ ಏರನ್ನು ಹಗಲಲ್ಲಿ ಹತ್ತಬಹುದು. ಡಾಲಸ್‌ನವರು ಗ್ರ್ಯಾಂಡ್ ಕ್ಯಾನ್ಯನ್‌ಗೆ ಸಾವಿರ ಮೈಲಿ ಓಡಿಸುವ ಬದಲು ಫೀನಿಕ್ಸ್‌ನಲ್ಲಿ ಇಳಿದರೆ 230 ಮೈಲಿ. ವಿಮಾನದ ಟಿಕೆಟ್ ದುಡ್ಡು ದೊಡ್ಡದೆನಿಸಬಹುದು. ಮೈಲಿಗಿಷ್ಟು ಎಂದು ಕಟ್ಟುವ ಬಾಡಿಗೆ, ಪೆಟ್ರೋಲು, ದಾರಿಯಲ್ಲೇ ಕಳೆದುಹೋಗುವ ದಿನಗಳು ಎಲ್ಲ ಕೂಡಿಸಿ ನೋಡಿ ಆಮೇಲೆ ಹೇಳಿ. ಯೆಲ್ಲೋಸ್ಟೋನ್ ಪಾರ್ಕಿನೊಳಗಂತೂ ಸಾಮಾನ್ಯವಾಗಿ 45ಕ್ಕಿಂತ ಹೆಚ್ಚು ಹೋಗುವಂತಿಲ್ಲ, ಕಾಡೆಮ್ಮೆಯ ಹಿಂಡು ಅಡ್ಡ ನಿಂತರೆ ಸೊನ್ನೆ.

ಇಳಿಜಾರಿನ ಬಗ್ಗೆ ನಮ್ಮವರಿಗೆ ಹೆಚ್ಚು ಹೇಳಬೇಕಿಲ್ಲ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಕೆಂಪು ಬಸ್ಸಿನಲ್ಲಿ ಇಳಿದ ಯಾರಿಗೇ ಆದರೂ ಘಾಟಿಯ ತಲೆಯಲ್ಲೇ ಡ್ರೈವರ್ ಗೇರ್ ಇಳಿಸಿದಾಗ ಎಂಜಿನ್ ಗೋಳಿಡುತ್ತಿದ್ದ ಸದ್ದು ನೆನಪಿರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಆ ಪಾಠ ಇಲ್ಲಿಯೂ ಅದೇ. ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70ರಲ್ಲಿ 11,000 ಅಡಿಗೂ ಮೇಲಿರುವ ಐಸೆನ್‌ಹೋವರ್ ಸುರಂಗ ದಾಟಿದ ಕೂಡಲೆ ಸಿಲ್ವರ್‌ಥಾರ್ನ್ ಕಡೆಗೆ ಶೇಕಡಾ 7ರ ಇಳಿಜಾರು ಶುರುವಾಗುತ್ತದೆ, ನೂರು ಅಡಿಗೆ ಏಳು ಅಡಿ ಇಳಿತ. ಬ್ರೇಕ್ ಕೈಕೊಟ್ಟ ಟ್ರಕ್ಕುಗಳಿಗಾಗಿ ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿಗಳನ್ನು ಮಾಡಿಟ್ಟಿದ್ದಾರೆ. ಫೋರ್ಡ್ ಗಾಡಿಯ ಗೇರ್ ಕಡ್ಡಿಯ ತುದಿಯಲ್ಲಿ ಟೋ-ಹಾಲ್ ಎಂಬ ಒಂದು ಗುಂಡಿ ಇದೆ. ಇಳಿಯುವ ಮುನ್ನವೇ ಅದನ್ನು ಒತ್ತಿ, 45ಕ್ಕೆ ಬನ್ನಿ. ಬ್ರೇಕ್ ಮುಟ್ಟಿದಾಗ ಗಾಡಿ ತಾನೇ ಗೇರ್ ಇಳಿಸಿ ಎಂಜಿನ್ನಿನಿಂದ ತಡೆ ಕೊಡುತ್ತದೆ. ಎಂಜಿನ್ ಅಬ್ಬರಿಸುತ್ತದೆ, ಹೆದರಬೇಡಿ, ಅದು ಕೆಲಸ ಮಾಡುತ್ತಿರುವ ಸದ್ದು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ 50 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 40ಕ್ಕೆ ತನ್ನಿ, ಕಾಲು ಪೂರ್ತಿ ತೆಗೆಯಿರಿ, ಬ್ರೇಕು ಆರಲಿ. ಇಳಿಜಾರಿನಲ್ಲಿ, ಮಳೆಯಲ್ಲಿ ಕ್ರೂಸ್ ಕಂಟ್ರೋಲ್ ಬೇಡ.

ಹಾಗೆಂದು ತೀರ ನಿಧಾನವೂ ತಪ್ಪೇ. 80ರ ಬೋರ್ಡಿರುವ ಇಂಟರ್‌ಸ್ಟೇಟ್‌ನಲ್ಲಿ ಕಾರಣವಿಲ್ಲದೆ 50ರಲ್ಲಿ ಹೋಗುವ ಗಾಡಿ ಹಿಂದಿನವರಿಗೆ ಅಪಾಯ. ಅವರು ನಿಮ್ಮತ್ತ ಸೆಕೆಂಡಿಗೆ 44 ಅಡಿಯಂತೆ ನುಗ್ಗಿ ಬರುತ್ತಿರುತ್ತಾರೆ. ಅಂಥ ರಸ್ತೆಯಲ್ಲಿ ಗಾಳಿಯಿಲ್ಲದಿದ್ದರೆ 65ಕ್ಕೆ ಏರಿದರೂ ನನ್ನ ತಕರಾರಿಲ್ಲ. ಏರು ಹತ್ತುವಾಗ 45ರ ಕೆಳಗೆ ಬಿದ್ದರೆ ಎಚ್ಚರಿಕೆ ದೀಪ ಹಾಕಿ. ಎರಡೇ ಲೇನಿನ ಬೆಟ್ಟದ ರಸ್ತೆಯಲ್ಲಿ ಹಿಂದೆ ಸಾಲುಗಟ್ಟಿದರೆ ಪಕ್ಕದ ತಂಗುಜಾಗಕ್ಕೆ ಸರಿದು ಎಲ್ಲರನ್ನೂ ಬಿಡಿ; ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಐದು ಗಾಡಿ ಸೇರಿದರೆ ಹಾಗೆ ಬಿಡಲೇಬೇಕೆಂದು ಕಾನೂನೇ ಇದೆ. ಹಿಂದಿನವನು ಹಾರ್ನ್ ಹೊಡೆದನೆಂದು ವೇಗ ಹೆಚ್ಚಿಸಬೇಡಿ. ದಾರಿ ಬಿಡುವುದು ಸೌಜನ್ಯ. ಅವನ ವೇಗಕ್ಕೆ ನಮ್ಮ ಗಾಡಿಯನ್ನು ಏರಿಸುವುದು ಸೌಜನ್ಯವಲ್ಲ.

ನಾಲ್ಕು ಮನೆಯವರು ಸೇರಿ ಹೊರಡುವುದು ನಮ್ಮ ಪದ್ಧತಿ: ಎರಡು ಆರ್‌ವಿ, ಎರಡು ಕಾರು. ಸಾಮಾನ್ಯವಾಗಿ ದಾರಿ ಬಲ್ಲವನು ಕಾರಿನಲ್ಲಿ ಮುಂದಿರುತ್ತಾನೆ, ಆರ್‌ವಿಯವರು ಅವನನ್ನು ಕಣ್ತಪ್ಪದಂತೆ ಹಿಡಿಯಲು ಹೋಗುತ್ತಾರೆ. ಹಾಗೆ ಮಾಡಬೇಡಿ. ಎಲ್ಲಕ್ಕಿಂತ ಭಾರದ ಗಾಡಿ ಮುಂದಿರಲಿ, ಕಾರುಗಳು ಹಿಂದೆ ಬರಲಿ. ಅದು ಬೇಸರವಾದರೆ ಕಾರಿನವರು ಮುಂದೆ ಹೋಗಿ ಕ್ಯಾಂಪ್‌ಗ್ರೌಂಡಿನಲ್ಲಿ ಚಹಾ ಮಾಡಿಟ್ಟುಕೊಂಡಿರಲಿ. ರಸ್ತೆಯಲ್ಲಿ ಜತೆಯಲ್ಲೇ ಇರಬೇಕೆಂಬ ಹಟ ಬೇಡ.

ಪಕ್ಕದ ಸೀಟಿನಲ್ಲಿ ಕೂರುವವರಿಗೂ ಹಿಂದೆ ಕೂರುವ ಹಿರಿಯರಿಗೂ ಒಂದು ಕೋರಿಕೆ. ಹೆದರಿಕೆಯಾದರೆ ಬಾಯಿ ಬಿಟ್ಟು ಹೇಳಿ. ಓಡಿಸುವವರಿಗೆ ಬೇಜಾರಾದೀತು, ರಜೆಯ ಖುಷಿ ಕೆಟ್ಟೀತು ಎಂದು ಸುಮ್ಮನಿರುವ ಅತ್ತೆ ಮಾವಂದಿರನ್ನು ನಾನು ಬಹಳ ನೋಡಿದ್ದೇನೆ. ಓಡಿಸುವವರೇ, ನೀವು ಹೊರಡುವ ಮುನ್ನವೇ ಅವರಿಗೆ ಹೇಳಿಬಿಡಿ: "ನೀವು ನಿಧಾನ ಅಂದ್ರೆ ನಾನು ನಿಧಾನ ಮಾಡ್ತೀನಿ, ಕಾರಣ ಕೇಳಲ್ಲ."

ಕಡೆಯದು ವಾಪಸಾತಿಯ ದಿನ. ಗಾಡಿಯನ್ನು ಬೆಳಗ್ಗೆ 10ಕ್ಕೋ 11ಕ್ಕೋ ಒಪ್ಪಿಸಬೇಕು, ತಡವಾದರೆ ಗಂಟೆಗಿಷ್ಟು ದಂಡ ಎಂದು ಬಾಡಿಗೆ ಕಾಗದದಲ್ಲಿ ಬರೆದಿರುತ್ತದೆ. ಅದಕ್ಕೂ ಮುಂಚೆ ಟ್ಯಾಂಕುಗಳನ್ನು ಖಾಲಿ ಮಾಡಬೇಕು, ಪೆಟ್ರೋಲ್ ತುಂಬಿಸಬೇಕು, ಗುಡಿಸಬೇಕು. ವಾರವಿಡೀ ಜೋಪಾನವಾಗಿ ಓಡಿಸಿದವರು ಕೂಡ ಆ ಬೆಳಗ್ಗೆ ಇನ್ನೂರು ಮೈಲಿ ಉಳಿಸಿಕೊಂಡು, ಐದು ಗಂಟೆಗೆ ಎದ್ದು, ನಿದ್ದೆಗಣ್ಣಲ್ಲಿ 75ಕ್ಕೆ ಒತ್ತುತ್ತಾರೆ. ಕೊನೆಯ ರಾತ್ರಿಯ ಕ್ಯಾಂಪ್‌ಗ್ರೌಂಡನ್ನು ಬಾಡಿಗೆ ಕಚೇರಿಯಿಂದ 40 ಮೈಲಿಯೊಳಗೆ ಹುಡುಕಿ, ಟ್ಯಾಂಕ್ ಖಾಲಿ ಮಾಡುವ ಸೌಲಭ್ಯ ಅಲ್ಲೇ ಇದೆಯೇ ಕೇಳಿಕೊಳ್ಳಿ. ಊರಿನ ಹತ್ತಿರದ ಅಂಥ ಜಾಗಗಳು ಜುಲೈ ತಿಂಗಳಿಗೆ ಬೇಗ ತುಂಬುತ್ತವೆ. ಯೆಲ್ಲೋಸ್ಟೋನ್‌ನ ಜಾಗಕ್ಕಿಂತ ಮೊದಲು ಅದನ್ನೇ ಬುಕ್ ಮಾಡಿ.

ನಿಮ್ಮವನೇ ಆದ,
ಕ್ಯಾಲಿಫೋರ್ನಿಯಾದ ಒಬ್ಬ ಕನ್ನಡಿಗ